ಎಂಟು ಡಿಗ್ರಿ

ಜುಫೇರಿನ ಹೋಟೆಲಿನ ನೆಲಮಾಳಿಗೆಯಲ್ಲಿ ಎಂಟು ಡಿಗ್ರಿ.
ಮೇಲೆ, ರಸ್ತೆಗೆ ನಲವತ್ತಾರು.
ರೀಸ್ಲಿಂಗ್ ಬಾಟಲಿಗಳು ಅಡ್ಡ ಮಲಗಿವೆ
ತಮ್ಮೂರಿನ ಚಳಿಯನ್ನೇ ಹೊದ್ದು.

ನನಗೆ ಪುಸ್ತಕ ಕಲಿಸಿದ್ದು: ಹಸಿರು ಸೇಬು, ನಿಂಬೆ ಸಿಪ್ಪೆ,
ಒದ್ದೆ ಕಪ್ಪುಗಲ್ಲು.
ಹಳತರಲ್ಲಿ ಇನ್ನೊಂದು—
ಅದಕ್ಕೆ ನನ್ನ ಮೂಗಿನಲ್ಲಿ ಪದವಿರಲಿಲ್ಲ.

ಪೆಟ್ಟಿಗೆ ಹೊರುವ ಮೊಯ್ದಿನಬ್ಬ
ಒಂದು ತೊಟ್ಟೂ ತುಟಿಗೆ ಸೋಕಿಸಿದವನಲ್ಲ.
ಸಂಜೆ ತೆರೆದದ್ದರ ಬಿರಡೆ ಚಾಚಿದೆ.
ಮೂಸಿದ. ನಕ್ಕ.
"ಪೆಟ್ರೋಲು ಮಾರಾಯ!
ಸಿತ್ರಾದ ಬಂಕಿನಲ್ಲಿ ಹನ್ನೊಂದು ವರ್ಷ
ಎಷ್ಟು ಒಗೆದರೂ ಅಂಗಿ ಬಿಡದೆ ಇದ್ದದ್ದು
ಇದೇ."

ರಾತ್ರಿ, ಏಳನೇ ಟೇಬಲ್ಲಿನ ಜರ್ಮನ್ ಮುದುಕಿ
ಗ್ಲಾಸಿನೊಳಗೆ ಮೂಗಿಟ್ಟು
ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.
"ನಮ್ಮ ಗುಡ್ಡದ ವಾಸನೆ," ಅಂದಳು.
ಊರಿಗೆ ಒಯ್ಯಲು ಬಿರಡೆ ಕೇಳಿದಳು.

ಹುಡುಕುವವನಂತೆ ಕೆಳಗಿಳಿದೆ.
ಅದು ಮೊಯ್ದಿನಬ್ಬನ ಕಿಸೆಯಲ್ಲಿತ್ತು.