ಕಡಿತ

ಬಚ್ಚಲಲ್ಲಿ ಜಾರಿಬಿದ್ದ ದಿನ
ಎತ್ತಲು ನಾಲ್ಕು ಜನ ಬಂದರು.
ಎದುರುಮನೆಯ ಕರೀಗೌಡ ಏದುಸಿರಲ್ಲಿ ಅಂದ:
"ಒಂದೂವರೆ ಕ್ವಿಂಟಾಲ್ ಐತೆ, ಸೊಂಟ ನೋಡ್ಕಳ್ರಲಾ."
ಅವನ ಅಂದಾಜು ತಪ್ಪು.
ನೂರಿಪ್ಪತ್ತಾರು ಕಿಲೋ, ನಾನೂರು ಗ್ರಾಂ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಕೂತವನು ನಾನು,
ಒದ್ದೆ ನೆಲದ ಮೇಲೆ ಅಂಗಾತ ಮಲಗಿದ್ದೂ
ತಿದ್ದಬೇಕೆನಿಸಿತು.

ಮಂಡಿ ಡಾಕ್ಟರು ಫಿಲಮನ್ನು ಬೆಳಕಿಗೆ ಹಿಡಿದು ಹೇಳಿದ್ದರು,
ಮೊದಲು ಮೂವತ್ತು ಕಿಲೋ ಇಳಿಸಿ, ಆಮೇಲೆ ಚಿಪ್ಪಿನ ಮಾತು.
ಇಳಿಸಿ ಅನ್ನಲು ನಾನೇನು ಲಾರಿಯೇ,
ಹಗ್ಗ ಬಿಚ್ಚಿದರೆ ಸುರಿಯಲು?

"ಅರವತ್ತೆಂಟಕ್ಕೆ ಯಾರಿಗೆ ತೋರಿಸೋಕೆ ಈ ಸಿಂಗಾರ?"
ಮದುವೆಮನೆಯಲ್ಲಿ ನಾದಿನಿ ಕೇಳಿದಳು, ಎಲ್ಲರಿಗೂ ಕೇಳುವಂತೆ.
ಯಾರಿಗೂ ಅಲ್ಲ.
ನನ್ನ ಕಾಲಿನ ಉಗುರು ನಾನೇ ತೆಗೆದು ಒಂಬತ್ತು ವರ್ಷ.
ಅದನ್ನು ಪಂಕ್ತಿಯಲ್ಲಿ ಕೂತು ಹೇಗೆ ಹೇಳಲಿ.

ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬಳು ಸಣ್ಣ ಹುಡುಗಿ, ಅವಳೇ ಡಾಕ್ಟರು,
ಹಾಳೆಯ ಮೇಲೆ ನನ್ನ ಹೊಟ್ಟೆ ಬರೆದಳು, ಅದಕ್ಕೊಂದು ಗೆರೆ ಎಳೆದಳು:
"ಇಷ್ಟು ತೆಗೀತೀವಿ. ಉಳಿಯೋದು
ಒಂದು ಏಲಕ್ಕಿ ಬಾಳೆಹಣ್ಣಿನಷ್ಟು."
ಗುಂಡಿಗೆ ನೋಡಿದರು, ಕೊಳವೆಯಲ್ಲಿ ಊದಿಸಿದರು,
ವಯಸ್ಸಿನ ಕಾಲಮ್ಮಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.
"ಏಳದೇ ಹೋಗಬಹುದು ಅಂತಲೂ ಇದೆ ಇದರಲ್ಲಿ, ಓದಿ ಸೈನ್ ಮಾಡಿ ಅಂಕಲ್."
ಜೀವಮಾನವೆಲ್ಲ ಬೇರೆಯವರ ಹೆಬ್ಬೆಟ್ಟು ಒತ್ತಿಸಿಕೊಂಡವನು
ಓದದೆ ಸೈನ್ ಮಾಡಿದೆ.

ಐದು ತೂತು. ಅಷ್ಟೇ.
ಒಂದು ಚಮಚ ನೀರು. ಗಂಟೆ ಬಿಟ್ಟು ಇನ್ನೊಂದು.

ಮೂರನೇ ತಿಂಗಳಿಗೆ ಮುದ್ದೆಗೆ ಅಪ್ಪಣೆ ಸಿಕ್ಕಿತು,
ನೆಲ್ಲಿಕಾಯಿ ಗಾತ್ರ, ಒಂದು ಷರತ್ತು:
ಇಪ್ಪತ್ತೈದು ಸಲ ಅಗಿಯಬೇಕು.
ಅಗಿಯುವುದೇ! ಮುದ್ದೆಯನ್ನೇ!
ಮಂಡ್ಯದ ಕೂಸು ಹಲ್ಲು ಮೂಡುವ ಮೊದಲೇ ಕಲಿಯುತ್ತದೆ,
ಸಾರಿನಲ್ಲಿ ಹೊರಳಿಸಿ, ನಾಲಿಗೆಗೂ ಸುಳಿವು ಕೊಡದೆ
ನುಂಗಬೇಕು ಅದನ್ನು.
ಇಷ್ಟು ವರ್ಷ ನುಂಗಿದ್ದರ ರುಚಿ ಅವತ್ತು ತಿಳಿಯಿತು:
ಮಣ್ಣು, ಹೊಗೆ, ಎಲ್ಲೋ ಒಂದಿಷ್ಟು ಒಗರು.
ಹಲ್ಲಿಗೆ ಅಂಟಿತು.
ಕೆಂಪಾಜಿ ಬಾಗಿಲ ಕಡೆ ತಿರುಗಿ ನಕ್ಕಳು,
ಆಮೇಲೆ ನಗಲಿಲ್ಲ.
ನಾಲ್ಕು ಮುದ್ದೆ ತೊಳಸಿ ಪಳಗಿದ ಕೈಗೆ
ಒಂದೂಕಾಲು ಮುದ್ದೆಯ ಎಸರು ಅಂದಾಜಿಗೆ ಸಿಗುತ್ತಿಲ್ಲ.
ಒಂದು ದಿನ ಗಂಟು, ಒಂದು ದಿನ ಅಂಬಲಿ.
ನಿಮ್ಮೆದುರು ಉಣ್ಣೋಕೆ ನಾಚಿಕೆ ಅಂತ
ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಾಳೆ.
ಇದು ಆ ಕಾಗದದಲ್ಲಿ ಇತ್ತೋ ಏನೋ, ನಾನು ಓದಿರಲಿಲ್ಲವಲ್ಲ.

ರಾತ್ರಿ ಹಸಿವು ಬರುವುದಿಲ್ಲ. ಅದರ ಹೊತ್ತಿಗೆ ಎಚ್ಚರ ಬರುತ್ತದೆ.
ಆಗ ಗಾಡಿಗಳು ಸಾಲುಗಟ್ಟುತ್ತವೆ,
ಕಬ್ಬಿನ ಮೇಲೆ ಟವೆಲ್ ಹಾಸಿ ಮಲಗಿದವರ ಸಮೇತ.
ಸೋಗೆ, ಬೇರು, ಮಣ್ಣು ಎಂದು ನೂರಕ್ಕೆ ಮೂರು
ಬಾಯಲ್ಲೇ ಕಳೆಯುತ್ತಿದ್ದೆ ನಾನು. ಕೆಲವರಿಗೆ ಐದು.
ಬೂದನೂರಿನ ಚಲುವಯ್ಯ ಒಮ್ಮೆ ಕೇಳಿದ್ದ,
"ಸ್ವಾಮಿ, ಕಳದಿದ್ದು ಎಲ್ಲಿಗೋಯ್ತದೆ?"
ಮುಂದಿನ ಗಾಡಿ, ಅಂದಿದ್ದೆ.
ನನ್ನಿಂದ ಕಳೆದದ್ದು ಎಲ್ಲಿಗೆ ಹೋಯಿತೆಂದು
ನಾನೂ ಆ ಹುಡುಗಿಯನ್ನು ಕೇಳಿದೆ.
ಹಳದಿ ಚೀಲಕ್ಕೆ, ಅಂದಳು.

ಈಗ ತೊಂಬತ್ತೊಂದು.
ಇಳಿಸಿ ಬಂದ ಗಾಡಿಯನ್ನು ಮತ್ತೆ ಹತ್ತಿಸಿ ನೋಡುವ ಹಾಗೆ
ದಿನಾ ಬೆಳಿಗ್ಗೆ ತಕ್ಕಡಿ ಹತ್ತುತ್ತೇನೆ.
ತೋಳಿನ ಚರ್ಮ ಯಾರದೋ ಅಂಗಿಯಂತೆ ಜೋಲುತ್ತದೆ.

ನಿನ್ನೆ ಜಗಲಿಯಲ್ಲಿ ಕೂತು ಬಗ್ಗಿದೆ. ಹೊಟ್ಟೆ ಅಡ್ಡ ಬರಲಿಲ್ಲ.
ಕಿರುಬೆರಳ ಉಗುರು ಕಪ್ಪಗೆ, ಆಡಿನ ಕೊಂಬಿನಂತೆ ಸುತ್ತಿಕೊಂಡಿತ್ತು.
ಪಕ್ಕದಲ್ಲಿ ಕುಡುಗೋಲಿನ ಹಳೇ ಗಾಯ, ಮರೆತೇ ಹೋಗಿದ್ದದ್ದು.
ಹತ್ತೂ ಮುಗಿಸಿ ಕಟರು ಮಡಿಸುತ್ತಿದ್ದಾಗ
ಕೆಂಪಾಜಿ ಬಂದು ಎದುರು ಕೂತಳು,
ಒಂದು ಮಾತೂ ಇಲ್ಲದೆ
ಒಡೆದ ಹಿಮ್ಮಡಿಯ ಪಾದವನ್ನು ನನ್ನ ತೊಡೆಯ ಮೇಲಿಟ್ಟಳು.
ಅಲ್ಲಿ ಈಗ ಜಾಗವಿದೆ.