ಹದ ನೋಡಿದ ಬೆರಳು

ಗಾಜಿನ ಮೇಲೆ ಹೆಬ್ಬೆಟ್ಟಿಟ್ಟೆ. ಕೆಂಪು ದೀಪ.
ಪಂಚೆಗೆ ಒರೆಸಿ ಇಟ್ಟೆ. ಕೆಂಪು.
ಉಗುಳು ಹಚ್ಚಿ ಇಡಪ್ಪ, ಅಂದರು ವಾರ್ಡರ್ ಸಾಹೇಬರು.
ಕೆಂಪೇ.

ಇಪ್ಪತ್ತೆರಡು ವರ್ಷ, ಸ್ವಾಮಿ,
ಪಾಂಡವಪುರದ ಆಚೆ ಆಲೆಮನೆಯಲ್ಲಿ
ಕೊಪ್ಪರಿಗೆ ಉಕ್ಕುವಾಗ ಪಾಕ ಚಿಟಿಕೆಯಷ್ಟು ತೆಗೆದು
ನೀರಿಗೆ ಬಿಟ್ಟು, ಉಂಡೆ ಕಟ್ಟಿ, ಕಲ್ಲಿಗೆ ಬಡಿದು
ಟಣ್ ಅಂದಿತೋ ಇಲ್ಲವೋ ಅಂತ ಹದ ನೋಡಿದ ಬೆರಳಿದು.
ಒಂದೊಂದು ಕೊಪ್ಪರಿಗೆಗೆ ಒಂದೊಂದು ಗೆರೆ ಸವೆದು
ಯಾವ ಅಚ್ಚಿನೊಳಗೆ ಕೂತಿತೋ,
ಯಾರ ಮನೆ ಹೋಳಿಗೆಯಲ್ಲಿ ಕರಗಿತೋ.

ಠಾಣೆಯಲ್ಲಿ ಮಸಿ ಬಳಿದು ಒತ್ತಿಸಿಕೊಂಡಾಗ
ಬಿದ್ದದ್ದು ಬರೀ ಒಂದು ಕರೀ ಬೊಟ್ಟು.
ಒಳಗೆ ತರೋದಕ್ಕೆ ಅಷ್ಟೇ ಸಾಕಾಗಿತ್ತು.
ಈಗ ಹೊಂಬಾಳೆಯ ಮುಖ ನೋಡೋದಕ್ಕೆ ಸಾಲದಂತೆ.

ಪರದೆಯ ಮೇಲೆ ಬಂದದ್ದನ್ನು
ಖೋಟಾ ಸಹಿ ಕೇಸಿನ ಪುಟ್ಟಮಾದು ಓದಿ ಹೇಳಿದ:
'ವ್ಯಕ್ತಿ ಪತ್ತೆಯಾಗಿಲ್ಲ.
ಏ ಮಂಚಯ್ಯ, ನೀನು ಇಲ್ವಂತೆ ಕಣ್ಲಾ, ಮನೆಗೆ ನಡಿ!'
ಸಾಲಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.
ಇಲ್ಲದವನನ್ನೂ ಸಂಜೆ ಬೀಗಕ್ಕೆ ಮುಂಚೆ ಎಣಿಸುತ್ತಾರೆ,
ಆ ಲೆಕ್ಕ ಒಂದು ದಿನವೂ ತಪ್ಪಿಲ್ಲ.

ಹಿಂದೆ ಆದರೆ ಅವಳು ಬಸ್ಸು ಹತ್ತಿ ಮಂಡ್ಯಕ್ಕೆ ಬಂದು
ಜಾಲರಿಯ ಆಚೆ ನಿಂತು, ಹತ್ತು ಜನರ ಕಿರುಚಾಟದಲ್ಲಿ
ಏನಂದಳೋ ಕೇಳಿಸುತ್ತಿರಲಿಲ್ಲ.
ಆವತ್ತಿನ ಕೂಲಿ ಮಾತ್ರ ಹೋಗುತ್ತಿತ್ತು.
ಇದು ವಾಸಿ ಅಂತಲೇ ಹೇಳಬೇಕು. ಸುಳ್ಳಾಡಬಾರದು.

ಕೊನೆಗೆ ಸಾಹೇಬರು ಗಡಿಯಾರ ನೋಡಿ, ಬೈದುಕೊಂಡು,
ತಮ್ಮದೇ ಬೆರಳಿಟ್ಟರು. ಹಸಿರು.
ಆವತ್ತಿನ ದಾಖಲೆಯಲ್ಲಿ
ಹೊಂಬಾಳಮ್ಮನನ್ನು ಕಂಡು ಮಾತಾಡಿದ್ದು ಅವರೇ.

ಐದು ನಿಮಿಷ. ಮೂಲೆಯಲ್ಲಿ ಅಂಕಿ ಇಳಿಯುತ್ತಿತ್ತು.
ಮೊದಲು ಸೂರು ಕಂಡಿತು, ಆಮೇಲೆ ಅವಳ ಕಿವಿ,
ಓಲೆ ಇಲ್ಲದ ಕಿವಿ. ಕೇಳಲಿಲ್ಲ. ವಕೀಲರಿಗೆ ಹೋಗಿರಬೇಕು.
'ಕೇಳುಸ್ತದಾ? ಉಂಡ್ಯಾ?' ಅಂದಳು.
ಉಂಡೆ, ಅಂದೆ.
'ಎಮ್ಮೆ ಈದೈತೆ, ತೋರುಸ್ತೀನಿ ಇರು' ಅಂತ
ಹಿತ್ತಲಿಗೆ ಓಡಿದಳು, ಫೋನು ಹಿಡಿಯಲು ಬಾರದವಳು;
ಅವಳ ಹೆಬ್ಬೆಟ್ಟು ಕ್ಯಾಮೆರಾ ಕಣ್ಣಿನ ಮೇಲೇ ಕೂತುಬಿಟ್ಟಿತು.

ಬಿಸಿಲು ಬಡಿದು ಪರದೆ ತುಂಬ ಕೆಂಪು.
'ಕಾಣ್ತದಾ? ನೋಡು, ಹಣೆ ಮೇಲೆ ಬಿಳೀ ಚುಕ್ಕಿ...'
ಇನ್ನು ನಲವತ್ತು ಸೆಕೆಂಡು.
ಕಾಣ್ತದೆ ಕಣೇ, ಅಂದೆ.
ಬೆರಳು ತೆಗಿ ಅನ್ನಲಿಲ್ಲ.