ಕದ ತಗಿಯೂದಕ್ಕ ಮೊದಲು

ಮೊದಲಿಗೆ ಏನೂ ಇರಬಾರದು, ಅಂದ ಅಣವೀರ.
ಕರೀ ಪರದೆ. ಎಣಿಸಿ ನಾಕು ಸೆಕೆಂಡು.
ಫೋನ್ ಕೆಟ್ಟದೇನು ಅಂತ ಮಂದಿ
ಹೆಬ್ಬಟ್ಟಿಲೆ ಒತ್ತಬೇಕು ಅನ್ನೂದರಾಗ
ಎಲ್ಲೋ ದೂರ, ಕಲ್ಲಿನ ಮ್ಯಾಲ ಕಬ್ಬಿಣ.

ಆ ಸಪ್ಪಳ ನಂದು.
ಶಹಾಬಾದದ ಹಳೀ ಖಣಿ ಆಫೀಸು,
ಅದನ್ನ ಕಾಯೂ ಗೌರಾಬಾಯಿಯ ಕಬ್ಬಿಣದ ಪಲಂಗ.
ಫರಶಿ ನೆಲದ ಮ್ಯಾಲ ಒಂದು ಮೊಳ ಎಳದೀವಿ,
ಒಂದ ಮೊಳ.
ಕಂಪ್ಯೂಟರಿನಾಗ ಎಂಟು ಪಟ್ಟು ನಿಧಾನ ಮಾಡಿದ್ರ
ನೆಲದ ಹೊಟ್ಟ್ಯಾಗ ಯಾರೋ
ಮಗ್ಗಲ ಬದಲಿಸಿದಂಗ ಆತು.
"ನನ್ನ ಪಲಂಗಕ್ಕ ಇಂಥಾ ದನಿ ಇತ್ತೇನೋ ಯಪ್ಪಾ,
ನಲವತ್ತು ವರ್ಷ ಅದರ ಮ್ಯಾಲ ಹೆಂಗ ಮಲಗಿದ್ನೋ"
ಅಂದಳು ಗೌರಾಬಾಯಿ, ಹೆಡ್‌ಫೋನು ತಗದು ಕೊಡ್ತಾ.

ಚಂದ್ರಶ್ಯಾನ ಕ್ಯಾಮೆರಾ ಹಲ್ಲಿ ಹಂಗ.
ಗ್ವಾಡಿ ಹಿಡದು ಹೋಗ್ತದ, ನಿಂದರ್ತದ, ಮತ್ತ ಹೋಗ್ತದ.
ಟ್ರಾಲಿ ಎಲ್ಲೀದ್ರಿ ನಮಗ? ಕಲ್ಲು ಸಾಗಿಸೂ ಬಂಡಿಯ ಗಾಲಿಗೆ
ಸೈಕಲ್ ಟ್ಯೂಬು ಸುತ್ತಿ, ಅದರ ಮ್ಯಾಲ ಅವನ್ನ ಕುಂದರಿಸಿ
ಇಬ್ಬರು ನೂಕಿದೀವಿ, ಬರಿಗಾಲಿಲೆ.
ಲೋಟದಾಗ ಅರ್ಧ ನೀರು. ನೀರು ಅಲಗ್ತದ.
ಒಂದು ಕಾಲಿನ ಚಪ್ಪಲಿ. ಇನ್ನೊಂದು ತೋರಸಂಗಿಲ್ಲ.
"ಮುಖ ಅಂದ್ರ ಉತ್ತರ," ಅಂತಿದ್ದ ಅಣವೀರ,
"ಬೆನ್ನು ತೋರಸು."
ಹಂಗಾಗಿ ನಮ್ಮ ಹೀರೊ ಇಡೀ ಟೀಸರಿನಾಗ
ಒಂದು ಕುತ್ತಿಗಿ, ಒಂದು ಕಿವಿ,
ಕಿವಿ ಹಿಂದ ಇಳದ ಒಂದು ಹನಿ ಬೆವರು.
ಬೆವರಿಗೆ ಮೇಕಪ್ ಬೇಕಾಗಲಿಲ್ಲ, ಮೇ ತಿಂಗಳಿತ್ತು.

ಆಮ್ಯಾಲ ಎಲ್ಲಾ ಸಪ್ಪಳ ಕತ್ತರಿಸು, ಅಂದ.
ಇದು ನನಗ ತಿಳೀಲಿಲ್ಲ.
ನಾನು ಮೈಕ್ ಸೆಟ್ ಅಂಗಡಿಯವ;
ಲಗ್ನ, ಇಲೆಕ್ಷನ್, ಉರುಸು, ಜಯಂತಿ,
ಸಪ್ಪಳ ಹಚ್ಚೂದಕ್ಕ ರೊಕ್ಕ ಇಸಗೊಂಡೀನಿ,
ತಗಿಯೂದಕ್ಕ ಯಾರೂ ಕೊಟ್ಟಿಲ್ಲ.
ಆದ್ರೂ ಕತ್ತರಿಸಿದೆ:
ಫ್ಯಾನ್ ಹೋತು, ನೊಣ ಹೋತು,
ವಾಡಿ ಕಡಿ ಹೊಂಟ ಗೂಡ್ಸಿನ ಗಡಗಡ ಹೋತು.
ಹುಟ್ಟಿದಾಗಿಂದ ಕೇಳಿದ ಗಡಗಡ,
ಹೋದ ಮ್ಯಾಲ ಅದು ಇತ್ತಂತ ಗೊತ್ತಾತು.
ಉಳಿದದ್ದು ಕದ.
ಕ್ಯಾಮೆರಾ ಕದದ ಕಡಿ, ಗೇಣು ಗೇಣು.
ಕದದ ಹಿಂದಿಂದ ಒಂದು ಉಸುರು,
ಒಳಗ ಎಳಕೊಂಡದ್ದು, ಹೊರಗ ಬಿಡದ್ದು.
ಕದ ಒಂದು ಬಟ್ಟು ಸರಿತು.

ಕರೀ ಪರದೆ.
ಪಿಚ್ಚರಿನ ಹೆಸರು. ಶೀಘ್ರದಲ್ಲೇ.

ಆ ಉಸುರಿಗೆ ಊರ ತಲಿ ಕೆಡಿಸಿಗೊಂತು.
ಚಹಾದಂಗಡ್ಯಾಗ, ಕಟಿಂಗ್ ಅಂಗಡ್ಯಾಗ
ಕೊಳಪಟ್ಟಿ ಹಿಡದು ಕೇಳಿದ್ರು: ಯಾರೋ ಹಿಂದ?
ಹೆಣ್ಣೋ? ಸತ್ತಾಕಿಯೋ? ಹೀರೊನ ಅವಳಿ ತಮ್ಮನೋ?
ಕಾಗಿಣಾ ದಾಟಿ ಬಂದ ಒಬ್ಬ ಮಾಸ್ತರ
ಇಪ್ಪತ್ತು ಸಲ ಕೇಳೀನಿ, ಅದು ಮುದುಕನ ಉಸುರು
ಅಂತ ನೂರು ರೂಪಾಯಿ ಪಣಾ ಕಟ್ಟಿದ.

ಖರೇ ಹೇಳಲೇನು?
ಹಿಂದ ಇದ್ದಾವ ಲಾಡ್ಲೆಸಾಬ.
ಕದಕ್ಕ ಕಟ್ಟಿದ ಹಗ್ಗ ಹಿಡದು ಕುಕ್ಕರಗಾಲಿಲೆ ಕುಂತಿದ್ದ.
ಫರಶಿ ಪುಡಿ ಮೂಗಿಗೆ ಹೋಗಿ ಸೀನು ಬಂತು,
ತಡಕೊಂಡ. ತಡಕೊಂಡದ್ದ ಆ ಉಸುರು.
ಕಟ್ ಅಂದ ಕೂಡ್ಲೆ ಸೀನಿದ ನೋಡ್ರಿ,
ಒಂದು, ಎರಡು, ಏಳು.
ಅದನ್ನೂ ಇಟಗೊಂಡೀನಿ, ಬ್ಯಾರೆ ಫೈಲಿನಾಗ.

ಪಿಚ್ಚರ್ ಆಗಲಿಲ್ಲ. ಕಥೀನ ಇರಲಿಲ್ಲ.
"ಹಿಂದ ಯಾರಂತ ಆಮ್ಯಾಲ ನೋಡೂಣು" ಅಂದಿದ್ದ ಅಣವೀರ
ಈಗ ಸಿಮೆಂಟ್ ಲಾರಿಯ ತೂಕದ ಚೀಟಿ ಬರೀತಾನ.
ಪಲಂಗದ ಮ್ಯಾಲ ಗೌರಾಬಾಯಿ ಮಲಗೂದು ಬಿಟ್ಟಾಳಂತ,
ಕೆಳಗ ಚಾಪಿ ಹಾಸ್ಕೋತಾಳ.
ನನಗ ಮತ್ತ ಲಗ್ನದ ಮೈಕ.

ಆದ್ರ ಒಂದು ಚಟ ಉಳದದ.
ಅಂತರಪಟದ ಆಚಿ ಹುಡುಗಿ, ಈಚಿ ಹುಡುಗ,
ಮುಷ್ಟ್ಯಾಗ ಅಕ್ಕಿಕಾಳು, ತುಟಿಗೆ ಹಚ್ಚಿದ ಸನಾದಿ,
ಪಟ ಇನ್ನೇನು ಇಳೀಬೇಕು,
ಆಂಪ್ಲಿಫೈಯರಿನ ಗುಂಡಿ ಸೊನ್ನಿಗೆ ತಿರುವತೀನಿ.
ಒಂದು ಸೆಕೆಂಡು. ಎರಡು.
ನೂರಾರು ಮಂದಿ ಒಮ್ಮೆಲೆ ಉಸುರು ಒಳಗ ಎಳಕೋತಾರ.

"ಏ ಮೈಕಿನವನ," ಒದರ್ತಾರ ಬೀಗರು,
"ಕರೆಂಟ್ ಹೋತೇನೋ!"